ಕವಳ ಹಾಕದ ಬಾಯಿ

ಕುಮಟಾ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ನನ್ನಿಂದ ಬೈಸಿಕೊಳ್ಳದ ಗಂಡಸರು ಈ ತಾಲ್ಲೂಕಿನಲ್ಲಿ ಕಡಿಮೆ. ವಿಚಾರಣೆ ಕೌಂಟರಿನಲ್ಲಿ ಕುಳಿತು ಬಸ್ಸುಗಳ ಹೊತ್ತು ಕೂಗುವುದು ನನ್ನ ನೌಕರಿ. ಹೊನ್ನಾವರ ಮಾರ್ಗವಾಗಿ ಭಟ್ಕಳಕ್ಕೆ ಹೋಗುವ ಬಸ್ಸು ಎಲ್ಲಿ ನಿಂತಿದೆ, ಶಿರಸಿಯದು ಯಾಕೆ ತಡ, ಇಷ್ಟು ಹೇಳಿದರೆ ಸಂಬಳಕ್ಕೆ ಸಾಕು. ಆದರೆ ಗಾಜಿನಾಚೆ ಯಾರಾದರೂ ಕಂಬದ ಬುಡಕ್ಕೆ ಕೆಂಪಗೆ ಉಗುಳುವುದು ಕಂಡರೆ ನನಗೆ ತಡೆಯಲಾಗುವುದಿಲ್ಲ. "ನೀಲಿ ಅಂಗಿಯವರೇ, ಅದು ಸರಕಾರದ ಕಂಬ, ನಿಮ್ಮ ಮನೆಯ ಪೀಕದಾನಿ ಅಲ್ಲ" ಎಂದು ಮೈಕಿನಲ್ಲೇ ಹೇಳಿಬಿಡುತ್ತಿದ್ದೆ. ನೀಲಿ ಅಂಗಿ ಹಾಕಿಕೊಂಡ ಎಲ್ಲರೂ ಒಮ್ಮೆಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆ ಸುಖವನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ.

ಎಲೆ, ಅಡಿಕೆ, ಸುಣ್ಣ, ಮೇಲಿಂದ ಒಂದು ಚೂರು ಹೊಗೆಸೊಪ್ಪು. ನಮ್ಮ ಕಡೆ ಇದಕ್ಕೆ ಕವಳ ಎನ್ನುತ್ತಾರೆ. ಮನೆಗೆ ಬಂದವರಿಗೆ ನೀರು ಕೊಟ್ಟ ಮೇಲೆ ಕವಳದ ಹರಿವಾಣ ಮುಂದಿಡದಿದ್ದರೆ ಅವರಿಗೆ ಬಂದಂತೆಯೇ ಅನಿಸುವುದಿಲ್ಲ. ನಾನು ಮಾತ್ರ ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಹಾಕಿದವಳಲ್ಲ. ಬೀಡಿ ಸೇದುವ ಮಾತು ಬರುವುದಿಲ್ಲ. ಹೀಗಿರುವಾಗ ನನ್ನ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು ಎಂದರೆ ಬಸ್‌ಸ್ಟ್ಯಾಂಡಿನ ಕಂಬಗಳೂ ನಕ್ಕಿರಬೇಕು.

ಮೊದಲು ಸಿಕ್ಕಿದ್ದು ಒಂದು ಗಂಟು. ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಬಲಗಡೆ ದವಡೆಯ ಕೆಳಗೆ ಬೆರಳಿಗೆ ತಾಗಿತು. ನೋವಿಲ್ಲ, ಜ್ವರವಿಲ್ಲ. ಕುಮಟಾದಲ್ಲೇ ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ಕವಳ, ಬೀಡಿ ಏನಾದರೂ ಉಂಟೋ ಎಂದು ಕೇಳಿದರು. "ಡಾಕ್ಟ್ರೇ, ನೀವು ಬಸ್‌ಸ್ಟ್ಯಾಂಡಿಗೆ ಬಂದೇ ಇಲ್ಲ ಅಂತ ಕಾಣ್ತದೆ" ಎಂದೆ. ಇಬ್ಬರೂ ನಕ್ಕೆವು. ಗಂಟಲ ಸೋಂಕಿರಬೇಕು ಎಂದು ಮಾತ್ರೆ ಬರೆದರು. ಮಾತ್ರೆ ಮುಗಿಯಿತು, ಗಂಟು ಇದ್ದಲ್ಲೇ ಇತ್ತು. ನಾನೂ ಅದನ್ನು ಮರೆತು ಬಸ್ಸು ಕೂಗುತ್ತ ಉಳಿದೆ. ಕವಳ ಹಾಕದವರಿಗೆ ಬಾಯಿಯ ಆ ರೋಗ ಬರುವುದಿಲ್ಲ ಎಂಬುದು ನಮ್ಮೂರಲ್ಲಿ ಯಾರೂ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನೂ ಆ ಊರಿನವಳೇ ತಾನೆ.

ಮಗಳನ್ನು ಭಟ್ಕಳಕ್ಕೆ ಕೊಟ್ಟಿದ್ದೇನೆ. ಅವಳು ಒಂದು ಭಾನುವಾರ ಬಂದವಳು ನನ್ನ ಕುತ್ತಿಗೆ ನೋಡಿ, ಮರುದಿನವೇ ರಜೆ ಹಾಕಿಸಿ, ತನ್ನೂರಿನ ಕಿವಿ-ಗಂಟಲು ವೈದ್ಯರ ಬಳಿಗೆ ಎಳೆದುಕೊಂಡು ಹೋದಳು. ಅವರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಬೆಳಕು ಬಿಟ್ಟು ನೋಡಿದರು. ಬಲಗಡೆಯ ಟಾನ್ಸಿಲ್ ಅವರಿಗೆ ಸರಿ ಕಾಣಲಿಲ್ಲ. ಮಂಗಳೂರಿಗೆ ಹೋಗಿ, ತಡ ಮಾಡಬೇಡಿ ಎಂದರು. ಅವರ ದನಿಯಿಂದಲೇ ನನಗೆ ಗೊತ್ತಾಯಿತು. ಆ ದಿನ ಹೊನ್ನಾವರದ ಹತ್ತಿರ ಕರ್ಕಿಯಲ್ಲಿರುವ ನನ್ನ ಮನೆಗೆ ಬಂದವಳು ಬಾಗಿಲು ಹಾಕಿಕೊಂಡು ಮಲಗಿದೆ. ಪಕ್ಕದ ಮನೆಯ ಅಕ್ಕ ಎರಡು ಸಲ ಬಾಗಿಲು ತಟ್ಟಿದ್ದು ಕೇಳಿಸಿತು. ನಾನು ಏಳಲಿಲ್ಲ.

ಈ ಅಕ್ಕನ ವಿಷಯ ಹೇಳಬೇಕು. ರಕ್ತಸಂಬಂಧವಲ್ಲ. ನಾನು ಮದುವೆಯಾಗಿ ಕರ್ಕಿಗೆ ಬಂದಾಗಿನಿಂದ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಬೇಲಿ ದಾಟುವ ಒಂದು ದಣಪೆ ಮಾತ್ರ. ಅವಳದು ಭತ್ತದ ಗದ್ದೆ, ಸುಗ್ಗಿ ಆದ ಮೇಲೆ ಅದೇ ಗದ್ದೆಯಲ್ಲಿ ಹರಿವೆ, ಮುಳ್ಳುಸೌತೆ, ಬದನೆ. ಬೆಳೆದದ್ದನ್ನು ಬುಟ್ಟಿಯಲ್ಲಿ ಹೊತ್ತು ಹೊನ್ನಾವರ ಪೇಟೆಯಲ್ಲಿ ಕುಳಿತು ಮಾರುತ್ತಾಳೆ. ಮದುವೆ ಮನೆಯಲ್ಲಿ ಹಾಡು ಹೇಳಲು ಅವಳೇ ಬೇಕು. ಓದು ಬರಹ ಇಲ್ಲ. ಸೊಂಟದಲ್ಲಿ ಕವಳದ ಸಂಚಿ ಇಲ್ಲದೆ ನಾನು ಅವಳನ್ನು ಅಲ್ಲಿಯವರೆಗೆ ನೋಡಿದ್ದೇ ಇರಲಿಲ್ಲ. ನಾನು ಮೈಕಿನಲ್ಲಿ ಊರಿಗೆಲ್ಲ ಬೈದು ಮನೆಗೆ ಬಂದರೆ ಸಂಜೆ ನನ್ನ ಜಗಲಿಯಲ್ಲೇ ಕುಳಿತು ಕವಳ ಹಾಕಿ, "ನಂಗೂ ಮೈಕಾಗೆ ಬೈ ನೋಡ್ವ" ಎಂದು ಕೆಣಕುತ್ತಿದ್ದಳು.

ಮಂಗಳೂರಿನಲ್ಲಿ ಗಂಟಲಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ವೈದ್ಯೆ ನನ್ನನ್ನು ಮತ್ತು ಮಗಳನ್ನು ಒಳಗೆ ಕರೆದರು. ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬೇಕು. ಬಾಗಿಲು ಹಾಕಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಅಮ್ಮ, ಇದು ಕ್ಯಾನ್ಸರ್ ಹೌದು. ಆದರೆ ತಂಬಾಕಿನಿಂದ ಬಂದದ್ದಲ್ಲ. ಒಂದು ವೈರಸ್ಸಿನಿಂದ ಬಂದದ್ದು" ಎಂದರು. ಹೆಂಗಸರ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುವುದೂ ಇದೇ ವೈರಸ್ಸಂತೆ. ಗಂಡು ಹೆಣ್ಣಿನ ಕೂಟದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಬಾಯಿಯ ಮೂಲಕವೂ ದಾಟುತ್ತದೆ. ಬಹಳ ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ, ಹೆಚ್ಚಿನವರಲ್ಲಿ ಅವರಿಗೆ ಗೊತ್ತೇ ಆಗದೆ ಮೈಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಗಂಟಲ ಮೂಲೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕುಳಿತು ಆಮೇಲೆ ಹೀಗೆ ಏಳುತ್ತದೆ. ಇದನ್ನೆಲ್ಲ ಅವರು ದನಿ ತಗ್ಗಿಸದೆ, ನಾಚದೆ, ಅಕ್ಕಿಯ ಅನ್ನ ಮಾಡುವುದು ಹೇಗೆ ಎಂದು ಹೇಳುವ ಹಾಗೆ ಹೇಳಿದರು. ನಾನು ನೆಲ ನೋಡುತ್ತಿದ್ದೆ. ಮಗಳು ಗೋಡೆ ನೋಡುತ್ತಿದ್ದಳು.

"ಯಾವಾಗ ಬಂತು, ಯಾರಿಂದ ಬಂತು ಅಂತ ಯಾರಿಂದಲೂ ಹೇಳಲಿಕ್ಕೆ ಆಗುವುದಿಲ್ಲ. ಯಾರ ಮೇಲೂ ತಪ್ಪು ಹೊರಿಸಬೇಡಿ, ನಿಮ್ಮ ಮೇಲೂ ಬೇಡ" ಎಂದರು. ಆಮೇಲೆ, ತಂಬಾಕಿನಿಂದ ಬಂದ ಕ್ಯಾನ್ಸರಿಗಿಂತ ಈ ಬಗೆಯದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಎಂದೂ ಹೇಳಿದರು. ನಾನು ಹಿಡಿದುಕೊಂಡದ್ದು ಆ ಒಂದು ಮಾತನ್ನು. ಆ ವೈದ್ಯೆಗೆ ಅವರು ಹಾಕಿದ ಔಷಧಿಗಿಂತ ಆ ಬಾಗಿಲು ಹಾಕಿದ್ದಕ್ಕೆ, ಕುರ್ಚಿ ಎಳೆದುಕೊಂಡದ್ದಕ್ಕೆ ನಾನು ಋಣಿ.

ತಪ್ಪು ಹೊರಿಸಬೇಡಿ ಎಂದರೆ ಮನಸ್ಸು ಕೇಳಬೇಕಲ್ಲ. ನನ್ನವರು ತೀರಿಕೊಂಡು ಬಹಳ ವರ್ಷವಾಯಿತು. ಗೇರುಸೊಪ್ಪದ ಕಡೆ ವಿದ್ಯುತ್ ಲೈನ್ ಕೆಲಸದಲ್ಲಿದ್ದರು, ಅಲ್ಲೇ ಕ್ವಾರ್ಟರ್ಸು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಚಿಕಿತ್ಸೆಗೆ ಮಂಗಳೂರಿಗೆ ಹೋಗಲು ಬಟ್ಟೆ ತುಂಬುತ್ತಿದ್ದ ಸಂಜೆ ಗೋಡೆಯ ಮೇಲಿದ್ದ ಅವರ ಫೋಟೋದ ಮುಂದೆ ನಿಂತು, ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ಬೈಯದಷ್ಟು ಬೈದೆ. ಅವರು ಯಾವತ್ತಿನಂತೆ ಸುಮ್ಮನಿದ್ದರು. ಬೈದು ಮುಗಿದ ಮೇಲೆ ನೆನಪಾದದ್ದು ಬೇರೆ. ಪ್ರತಿ ಶನಿವಾರ ಮಳೆಯಲ್ಲಿ ನೆನೆದು ಬಂದರೂ ನನ್ನ ಕೈಗೆ ಒಂದು ಪೊಟ್ಟಣ ಶೇಂಗಾ ಕೊಡದೆ ಅಂಗಿ ಬಿಚ್ಚದ ಮನುಷ್ಯ. ಗೊತ್ತಾಗದ ವಿಷಯಕ್ಕೆ ಗೊತ್ತಿರುವ ಮನುಷ್ಯನನ್ನು ಯಾಕೆ ಕಳೆದುಕೊಳ್ಳಲಿ ಎನಿಸಿತು. ಫೋಟೋ ಒರೆಸಿ ಇಟ್ಟೆ.

ಮಗಳಿಗೆ ಚಿಕ್ಕ ಮಗು, ವಾರಗಟ್ಟಲೆ ನನ್ನ ಜೊತೆ ಮಂಗಳೂರಿನಲ್ಲಿ ಉಳಿಯುವುದು ಆಗದ ಮಾತು. ಯಾರೂ ಕೇಳುವ ಮೊದಲೇ ಅಕ್ಕ ಒಂದು ಚೀಲ ಹಿಡಿದು ದಣಪೆ ದಾಟಿ ಬಂದಳು. ಹರಿವೆ ಕೊಯ್ಲಿಗೆ ಬಂದಿತ್ತು, ಸೊಸೆಗೆ ಬಿಟ್ಟು ಬಂದಳು. ಆಸ್ಪತ್ರೆಯ ಹತ್ತಿರ ಬಾಡಿಗೆಗೆ ಒಂದು ಕೋಣೆ ಹಿಡಿದೆವು. ಸೋಮವಾರದಿಂದ ಶುಕ್ರವಾರದವರೆಗೆ ದಿನವೂ ವಿಕಿರಣ, ವಾರಕ್ಕೊಮ್ಮೆ ಕೀಮೋ. ಮುಖದ ಅಚ್ಚಿಗೆ ಸರಿಯಾಗಿ ಮಾಡಿದ ಬಲೆಯಂಥ ಮುಖವಾಡ ತೊಡಿಸಿ, ಅಲುಗದಂತೆ ಮೇಜಿಗೆ ಬಿಗಿದು ಮಲಗಿಸುತ್ತಿದ್ದರು. ಆ ಕೋಣೆಗೆ ಅಕ್ಕನಿಗೆ ಪ್ರವೇಶವಿರಲಿಲ್ಲ. ಬಾಗಿಲು ಮುಚ್ಚುವವರೆಗೆ ಆಚೆ ಅವಳು ಗುನುಗುವುದು ಮಾತ್ರ ನನಗೆ ಕೇಳಿಸುತ್ತಿತ್ತು.

ಎರಡು ವಾರ ಕಳೆಯುವುದರೊಳಗೆ ಬಾಯೆಲ್ಲ ಹುಣ್ಣು. ಎಂಜಲು ಬತ್ತಿತು, ರುಚಿ ಹೋಯಿತು, ದನಿ ಹೋಯಿತು. ಗಂಜಿಯ ತಿಳಿ ನುಂಗಿದರೆ ಮೆಣಸಿನಕಾಯಿ ಅರೆದು ಹಾಕಿದ ಹಾಗೆ. ನಾನು ಮುಖ ತಿರುಗಿಸಿದರೆ ಅಕ್ಕ ಚಮಚ ಹಿಡಿದುಕೊಂಡು ಕಾಯುತ್ತಿದ್ದಳು. "ನಂಗೆ ಎಂತ ಗಡಿಬಿಡಿಯೂ ಇಲ್ಲ. ಹೊನ್ನಾವರ ಬಸ್ಸು ತಪ್ಪೂದಿಲ್ಲ. ನೀ ನುಂಗು" ಎನ್ನುತ್ತಿದ್ದಳು. ಊರಿಗೆಲ್ಲ ಬಸ್ಸು ಕೂಗಿದವಳಿಗೆ ಬಾಯಿಂದ ಒಂದು ಅಕ್ಷರ ಹೊರಡದ ದಿನಗಳವು. ನಾನು ಸಾಯದೆ ಉಳಿದದ್ದು ಆ ಚಮಚದಿಂದ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ, ತೂಕ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರು.

ಆ ಕೋಣೆಯಲ್ಲೇ ನಾನು ಗಮನಿಸಿದ್ದು, ಅಕ್ಕನ ಸೊಂಟದಲ್ಲಿ ಸಂಚಿ ಇರಲಿಲ್ಲ. ಬಾಯಿ ಖಾಲಿಯಾಗಿ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಜೀರಿಗೆ ಅಗಿಯುವಳು, ಒಣಶುಂಠಿ ಕಡಿಯುವಳು, ಏನೂ ಇಲ್ಲದಿದ್ದರೆ ಸೆರಗಿನ ತುದಿ ಕಚ್ಚುವಳು. ಅದೂ ಸಾಲದಾದಾಗ ಹಾಡು. ನಾಟಿ ಹಾಡು, ಮದುವೆ ಹಾಡು, ಬೀಗರನ್ನು ಹಂಗಿಸುವ ಹಾಡು. ಪಕ್ಕದ ಕೋಣೆಗಳಲ್ಲಿದ್ದ ರೋಗಿಗಳು ಬಂದು ಬಾಗಿಲಲ್ಲಿ ಕುಳಿತು ಕೇಳುತ್ತಿದ್ದರು. ತಲೆನೋವು, ಸಿಡುಕು, ನಿದ್ದೆಯಿಲ್ಲ, ಆದರೂ ಅವಳು ಹೊಗೆಸೊಪ್ಪು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ನನ್ನ ಕಾಲು ಒತ್ತುತ್ತ ಕುಳಿತವಳು ಇದ್ದಕ್ಕಿದ್ದಂತೆ ಅಳತೊಡಗಿದಳು. "ತಂಗಿ, ಇದು ನಾ ಮಾಡಿದ್ದು. ನಿನ್ ಬಲಗಡೆ ದವಡೆ ಹಲ್ಲು ನೋಯ್ತಿತ್ತಲ, ಆಗ ಹೊಗೆಸೊಪ್ಪಿನ ಚೂರು ಇಟ್ಟದ್ದು ನಾನೇ ಅಲ್ದಾ? ಈಗ ಅದೇ ಬದಿಗೆ ಬಂತು" ಎಂದಳು.

ನನಗೆ ಆ ಹಲ್ಲುನೋವು ಮರೆತೇ ಹೋಗಿತ್ತು. ಎಷ್ಟೋ ವರ್ಷದ ಹಿಂದೆ, ಭಾರೀ ಮಳೆಗೆ ಬಸ್ಸು ನಿಂತಿದ್ದಾಗ, ನೋವು ತಾಳದೆ ಒದ್ದಾಡುತ್ತಿದ್ದ ನನ್ನ ಹಲ್ಲಿಗೆ ಅವಳು ಅರೆದಿಟ್ಟ ಒಂದು ಚೂರು ಹೊಗೆಸೊಪ್ಪು. ನೋವು ಎಳೆಯಲು ನಮ್ಮಲ್ಲಿ ಹಾಗೆ ಮಾಡುವುದುಂಟು. ಒಂದು ಗಳಿಗೆ ಇಟ್ಟುಕೊಂಡು ತಲೆ ತಿರುಗಿ ಉಗುಳಿದ್ದೆ. ಅಲ್ಲ ಅಕ್ಕ, ಅದಲ್ಲ ಎಂದು ಹೇಳಬೇಕೆಂದರೆ ದನಿಯಿಲ್ಲ. ಬರೆದು ತೋರಿಸಿದರೆ ಅವಳಿಗೆ ಓದು ಬಾರದು. ಜೋರಾಗಿ ತಲೆ ಅಲ್ಲಾಡಿಸಿದೆ. ಅಳಬೇಡ ಎನ್ನುತ್ತಿದ್ದೇನೆ ಎಂದು ತಿಳಿದುಕೊಂಡು ಅವಳು ಇನ್ನೂ ಅತ್ತಳು.

ಅವಳು ಕವಳ ಬಿಟ್ಟದ್ದು ಯಾಕೆಂದು ನನಗೆ ಅರ್ಥವಾಯಿತು ಅಂದುಕೊಂಡೆ. ತಪ್ಪು ಮಾಡಿದೆ ಎಂಬ ಭಾರಕ್ಕೆ ಬಿಟ್ಟಿದ್ದಾಳೆ. ಚಿಕಿತ್ಸೆ ಮುಗಿಯುವ ವಾರ ವೈದ್ಯೆ ಅವಳ ಹಲ್ಲಿನ ಬಣ್ಣ ನೋಡಿ, ನಿಮ್ಮ ಬಾಯಿಯನ್ನೂ ಒಮ್ಮೆ ತೆರೆಯಿರಿ ಎಂದರು. ಎಡಕೆನ್ನೆಯ ಒಳಗೆ ಒಂದು ಬಿಳಿ ಕಲೆ. "ಹೊಗೆಸೊಪ್ಪು ಬಿಟ್ಟದ್ದು ಒಳ್ಳೆಯದಾಯಿತು. ಮತ್ತೆ ಮುಟ್ಟಿದರೆ ಇದು ಕೆಟ್ಟದಕ್ಕೆ ತಿರುಗಬಹುದು. ಬಿಟ್ಟೇ ಇದ್ದರೆ ಹೋಗಲೂಬಹುದು, ನೋಡುತ್ತಿರೋಣ" ಎಂದರು. ಆ ಗಳಿಗೆಯಿಂದ ನನಗೆ ಹೊಸ ಸಂಕಟ ಶುರುವಾಯಿತು. ನಿಜ ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ. ಭಾರ ಇಳಿದರೆ ಸಂಚಿ ಮತ್ತೆ ಸೊಂಟಕ್ಕೆ ಬರುತ್ತದೆ. ನನ್ನನ್ನು ಉಳಿಸಿದವಳನ್ನು ನಾನೇ ಆ ಬಿಳಿ ಕಲೆಗೆ ಒಪ್ಪಿಸಿದ ಹಾಗೆ.

ಊರಿಗೆ ಬಂದೆವು. ದನಿ ಸ್ವಲ್ಪ ಸ್ವಲ್ಪವೇ ಮರಳಿತು, ಒರಟಾಗಿ, ಹಳೆಯ ಬಾಗಿಲು ತೆರೆದ ಹಾಗೆ. ಅಷ್ಟರಲ್ಲಿ ಕತೆ ನನಗಿಂತ ಮೊದಲೇ ಊರು ಸುತ್ತಿತ್ತು. ಮೈಕಿನಾಗೆ ನಮಗೆ ಬೈಯೂದು, ಮನೇಲಿ ಕದ್ದು ಹಾಕೂದು ಎಂದು ಚಹದಂಗಡಿಯಲ್ಲಿ ನಗೆ. ನೋಡಲು ಬಂದ ನೆಂಟರು ನನ್ನೆದುರು ಕವಳ ಹಾಕಲು ಹೆದರಿ ಹಿತ್ತಲಿಗೆ ಹೋಗಿ ಹಾಕಿಕೊಂಡು ಬರುತ್ತಿದ್ದರು. ನನಗೆ ನಗು ಬರುತ್ತಿತ್ತು. ನಗು ಬಾರದೆ ಹೋದದ್ದು ಮಗಳು ತಂದ ಸುದ್ದಿಗೆ. ಹೊನ್ನಾವರ ಪೇಟೆಯಲ್ಲಿ ಯಾರೋ ನನ್ನ ಬಗ್ಗೆ ಹಾಗೆ ಅಂದಾಗ ಅಕ್ಕ ತರಕಾರಿ ಬುಟ್ಟಿಯ ಮುಂದೆ ಎದ್ದು ನಿಂತು, "ಅವ್ಳು ಜನ್ಮದಾಗೆ ಕವಳ ಮುಟ್ಟಿದವಳಲ್ಲ. ಹೊಗೆಸೊಪ್ಪು ಇಟ್ಟವಳು ನಾನು. ಬೈಯೂದಿದ್ರೆ ನಂಗೆ ಬೈಯಿ" ಎಂದು ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳಂತೆ. ಅಂದಿನಿಂದ ಕೆಲವರು ಅವಳ ಹತ್ತಿರ ಹರಿವೆ ಕೊಳ್ಳುವುದನ್ನೂ ಬಿಟ್ಟಿದ್ದರು.

ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ. ಮಗಳು ಹೆದರಿದಳು. "ಅಮ್ಮ, ಗಂಡ ಇಲ್ಲದವಳಿಗೆ ಇಂಥದ್ದು ಬಂತು ಅಂದ್ರೆ ಜನ ಎಂತ ಹೇಳ್ಬಹುದು ಯೋಚ್ನೆ ಮಾಡು" ಎಂದಳು. ಯೋಚನೆ ಮಾಡಿದೆ. ನನ್ನ ಹೆಸರು ಕೆಟ್ಟರೆ ನನಗೆ ಬೈಯಲು ಬಾಯಿದೆ. ಅಕ್ಕ ಮಾಡದ ತಪ್ಪಿಗೆ ಪೇಟೆಯಲ್ಲಿ ತಲೆ ತಗ್ಗಿಸಿ ಕೂರುವುದನ್ನು ಮಾತ್ರ ನನ್ನಿಂದ ನೋಡಲಾಗದು. ಹೊಗೆಸೊಪ್ಪಿನ ಮಾತು ಆಮೇಲೆ, ಕಾಲು ಹಿಡಿದಾದರೂ ಬಿಡಿಸುತ್ತೇನೆ ಎಂದುಕೊಂಡು ಒಂದು ಬೆಳಿಗ್ಗೆ ದಣಪೆ ದಾಟಿದೆ. ಅವಳು ಹರಿವೆ ಮಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಕೈ ಹಾಕಿದೆ.

"ಅಕ್ಕ, ನಂಗೆ ಬಂದದ್ದು ನಿನ್ ಹೊಗೆಸೊಪ್ಪಿಂದ ಅಲ್ಲ."

"ಮತ್ತೆಂತದ್ರಿಂದ?"

"ಒಂದು ವೈರಸ್ಸು. ಕೊರೋನಾ ಇತ್ತಲ, ಹಂಗೆ ಕಣ್ಣಿಗೆ ಕಾಣದ್ದು. ಆದ್ರೆ ಇದು ಗಾಳಿಗೆ ಬರೂದಲ್ಲ."

"ನೀರಿಗಾ?"

"ಅಲ್ಲ."

"ಮೀನಿಗಾ?"

"ಅಲ್ಲ ಮಾರಾಯ್ತಿ. ಗಂಡ ಹೆಂಡ್ತಿ ಕೂಡ್ದಾಗ ಒಬ್ರಿಂದ ಒಬ್ರಿಗೆ ಬರೂದು."

ಅವಳು ಇನ್ನೆರಡು ಕಳೆ ಕಿತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಅದು ಗಂಟಲಿಗೆ ಹೆಂಗೆ ಹೋತು?" ಎಂದಳು.

ಊರಿಗೆಲ್ಲ ಮೈಕಿನಲ್ಲಿ ಬೈದವಳು ನಾನು, ಈ ಒಂದು ಪ್ರಶ್ನೆಗೆ ಕಳೆಯ ಬದಲು ಹರಿವೆಯನ್ನೇ ಕಿತ್ತೆ. "ಬಾಯಿಂದ್ಲೂ ದಾಟ್ತದಂತೆ" ಎಂದು ಮಣ್ಣಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಕಿತ್ತ ಹರಿವೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಮಡಿಯ ಮೇಲೇ ಕುಳಿತುಬಿಟ್ಟಳು. "ಅಷ್ಟೇನಾ? ಅದಕ್ಕೆ ಇಷ್ಟು ತಿಂಗಳು ಮುಖ ಊದಿಸ್ಕಂಡಿದ್ಯಾ?" ಎಂದು ಕಣ್ಣು ಒರೆಸಿಕೊಂಡಳು. ನನಗೂ ನಗು ಬಂತು. ಗಂಟಲು ಒಣಗಿ ಕೆಮ್ಮು ಬಂತು. ಅವಳು ತನ್ನ ತಂಬಿಗೆಯ ನೀರು ಕೊಟ್ಟಳು.

"ಮನೆಯವ್ರಿಂದ್ಲೇ ಬಂತಾ?" ಎಂದು ಆಮೇಲೆ ಮೆತ್ತಗೆ ಕೇಳಿದಳು.

"ಯಾರಿಂದ, ಯಾವಾಗ ಅಂತ ಹೇಳ್ಲಿಕ್ಕೆ ಆಗೂದಿಲ್ವಂತೆ."

"ಹಂಗಾರೆ ಬಿಡು. ಒಳ್ಳೆ ಮನ್ಷ ಅವ." ಮತ್ತೆ ಸ್ವಲ್ಪ ಯೋಚಿಸಿ, "ಇದಕ್ಕೆ ಮದ್ದಿಲ್ವಾ, ಬರದಂಗೆ?" ಎಂದಳು.

"ದೊಡ್ಡವ್ರಾಗೂ ಮುಂಚೆ ಸೂಜಿ ಹಾಕಿಸ್ಬೇಕಂತೆ. ನಿನ್ ಮೊಮ್ಮಗಳಿಗೆ ಈಗ್ಲೇ ಸರಿಯಾದ ವಯಸ್ಸು."

"ಆತು. ಹಾಕ್ಸುವ. ನೀನೇ ಬಾ ನನ್ ಜೊತಿಗೆ, ನಂಗೆ ಆ ಹೆಸ್ರು ಹೇಳ್ಲಿಕ್ಕೆ ಬರೂದಿಲ್ಲ. ಪ್ಯಾಟೆಯವ್ರಿಗೆ ಎಂತ ಹೇಳೂದು?"

"ನಿನ್ ಹೊಗೆಸೊಪ್ಪಿಂದ ಬಂದದ್ದಲ್ಲ ಅಂತ ಹೇಳು. ಮತ್ತೆಂತದ್ರಿಂದ ಅಂತ ಕೇಳಿದವ್ರನ್ನ ನನ್ ಕೌಂಟರಿಗೆ ಕಳ್ಸು. ಮೈಕಿನಾಗೆ ಹೇಳ್ತೆ."

ಅವಳು ಮತ್ತೆ ನಕ್ಕಳು. ಅವಳ ಮುಖ ಹಗುರಾದದ್ದು ಕಂಡು ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಅವಳ ಮಣ್ಣಿನ ಕೈ ಹಿಡಿದುಕೊಂಡು, "ಅಕ್ಕ, ಭಾರ ಇಳೀತು ಅಂತ ಮತ್ತೆ ಕವಳ ಶುರು ಮಾಡ್ಬೇಡ. ನಂಗೆ ಬಂದದ್ದು ಬೇರೆ. ನಿನ್ ಕೆನ್ನೆ ಒಳಗಿರೂದು ಹೊಗೆಸೊಪ್ಪಿಂದೇ. ನಿನ್ ಕಾಲಿಗೆ ಬೀಳ್ತೆ" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹಲ್ಲಿನ ಸಲುವಾಗಿ ಬಿಟ್ಟೆ ಅಂತ ನಿಂಗೆ ಯಾರು ಹೇಳ್ದ್ರು? ಆ ಹಲ್ಲಿಂದು ನೆನಪಾದದ್ದು ಮಂಗಳೂರಾಗೆ. ಕವಳ ಬಿಟ್ಟದ್ದು ಅದಕೂ ಮುಂಚೆ."

"ಯಾವಾಗ?"

"ಭಟ್ಕಳದ ಡಾಕ್ಟ್ರ ಹತ್ರ ಹೋಗಿ ಬಂದು ಬಾಗಿಲು ಹಾಕ್ಕಂಡು ಮನಗಿದ್ಯಲ. ಎರಡು ಸಲ ಬಡ್ದೆ, ನೀ ತೆಗೀಲಿಲ್ಲ. ಸೀದಾ ಗದ್ದೆ ಬದಿ ಜಟಗನ ಕಲ್ಲಿಗೆ ಹೋದೆ." ಜಟಗ ನಮ್ಮ ಕೇರಿ ಕಾಯುವ ದೈವ, ಒಂದು ಮರದ ಬುಡದಲ್ಲಿ ಒಂದು ಕಲ್ಲು ಅಷ್ಟೆ. "ಸಂಚಿ ಅವನ ಮುಂದೆ ಇಟ್ಟೆ. ನನ್ ಹತ್ರ ಬಿಡೂಕೆ ಇರೂದು ಇದೊಂದೇ, ತಗೋ, ನನ್ ತಂಗಿನ ಉಳಿಸು, ನಾ ಸಾಯೂವರೆಗೆ ಇದನ್ನ ಮುಟ್ಟೂದಿಲ್ಲ ಅಂದೆ. ನೀ ಉಳ್ದೆ. ಇನ್ನು ಹೆಂಗೆ ಮುಟ್ಟೂದು?"

ಹಿಡಿದಿದ್ದ ಅವಳ ಮಣ್ಣಿನ ಕೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ.

ಅಕ್ಕ ಕಳೆಯ ಕಡೆ ತಿರುಗಿದಳು. "ನಿಂಗೆ ಎಂತದ್ರಿಂದ ಬಂತು ಅಂತ ಅವ ಕೇಳ್ಲಿಲ್ಲ ತಂಗಿ. ನಂಗೂ ಕೇಳ್ಬೇಕು ಅಂತ ಅನಿಸ್ಲಿಲ್ಲ" ಎಂದಳು.